ಬಯಲಾಂಜನೇಯನ ಗಾಲಿ ವ್ಯಾಪಾರ

ಯಂತ್ರಕ್ಕೆ ದೇವರು ದಿಂಡರು ಗೊತ್ತಿಲ್ಲ, ಸರಿ. ಗೊತ್ತಿಲ್ಲದ ವಿಷಯವನ್ನು ಅದು ಅಷ್ಟು ಧೈರ್ಯವಾಗಿ, ಕೆಂಪಕ್ಷರದಲ್ಲಿ, ಸೋಮವಾರ ಬೆಳಿಗ್ಗೆಯೇ ಹೇಳಬೇಕಾಗಿತ್ತೆ? ಇಂಚರ ಇನ್ನೂ ಕುರ್ಚಿಯಲ್ಲಿ ಸರಿಯಾಗಿ ಕೂತೂ ಇರಲಿಲ್ಲ. ಎದುರಿನ ಗೋಡೆಯ ತುಂಬ ಪರದೆ, ಪರದೆಯ ತುಂಬ ಕೋಡಿಪುರದ ನಕ್ಷೆ, ನಕ್ಷೆಯ ನಡುವೆ ಪೇಟೆ ಬೀದಿ. ಆ ಬೀದಿಯಲ್ಲಿ ಒಂದು ಕೆಂಪು ಚೌಕ ಮಿಣುಕುತ್ತಿತ್ತು. ಪಕ್ಕದಲ್ಲಿ ಬರೆದಿತ್ತು: 'ಗಾಲಿ ವ್ಯಾಪಾರ. ಊರೊಳಗೆ ಇರತಕ್ಕದ್ದಲ್ಲ. ಶ್ರೀ ಬಯಲಾಂಜನೇಯಸ್ವಾಮಿ ದೇವಸ್ಥಾನ.'

"ಮೇಡಂ, ನಾನೇನೂ ಮುಟ್ಟಿಲ್ಲ" ಎಂದ ಪರದೆ ನೋಡಿಕೊಳ್ಳುವ ಚಂದನ್. ಅವನಿಗೆ ನಗು ತಡೆಯುವುದು ಕಷ್ಟವಾಗಿತ್ತು.

"ಆ ಗುಡಿ ಅರ್ಚಕರು ಯಾರು ಗೊತ್ತೇನ್ರೀ ಚಂದನ್?"

"ಗೊತ್ತು ಮೇಡಂ. ನಿಮ್ಮ ಮಾವ."

"ಗೊತ್ತಿದ್ದೂ ನಗ್ತಿದೀರಲ್ಲ!"

ಪುರಸಭೆಯ ಸಂಚಾರ ಎಂಜಿನಿಯರಾಗಿ ಇಂಚರ ಈ ಊರಿಗೆ ಮಾಡಿದ ಒಳ್ಳೆಯ ಕೆಲಸವೆಂದರೆ ಗಾಲಿ ಕಾಯ್ದೆ. ಮೈಮೇಲೆ ಎಳೆದುಕೊಂಡ ತಲೆನೋವೆಂದರೂ ಅದೇ. ಕಾಯ್ದೆಗೆ ಮೊದಲು ಕೋಡಿಪುರದಲ್ಲಿ ನಡೆಯುವುದು ಒಂದು ಸರ್ಕಸ್ಸು. ಫುಟ್‌ಪಾತ್ ಇರಲಿಲ್ಲವೆಂದಲ್ಲ, ಇತ್ತು, ತುಂಡು ತುಂಡಾಗಿ. ಕಾರು ತೊಳೆಯುವ ಶೆಡ್ಡು, ಅದರ ಪಕ್ಕ ಟೈರಂಗಡಿ, ಅದರ ಪಕ್ಕ ಚಾರ್ಜಿಂಗ್ ಬಂಕು, ಅದರ ಪಕ್ಕ ಕಾರಿನ ಕಿಟಕಿಗೇ ಕಾಫಿ ಕೊಡುವ ಹೋಟೆಲು. ಒಂದೊಂದಕ್ಕೂ ಎರಡೆರಡು ಬಾಯಿ, ಗಾಡಿ ಒಳಗೆ ಹೋಗಲೊಂದು, ಹೊರಗೆ ಬರಲೊಂದು. ಬಾಯಿ ಇದ್ದಲ್ಲೆಲ್ಲ ಫುಟ್‌ಪಾತ್ ಮಾಯ. ನಡೆಯುವವರು ಅಲ್ಲಿ ನಿಂತು, ಎಡಬಲ ನೋಡಿ, ಹಾರ್ನ್ ಹೊಡೆಸಿಕೊಂಡು, ಬೈಸಿಕೊಂಡು ದಾಟಬೇಕು. ಯಾರಿಗೆ ಬೇಕು ಆ ಅವಮಾನ? ಹಾಲು ತರಲೂ ಜನ ಗಾಡಿ ತೆಗೆದರು. ಗಾಡಿ ಹೆಚ್ಚಿದಂತೆ ಶೆಡ್ಡು, ಬಂಕು ಇನ್ನೂ ಹೆಚ್ಚಿದವು. ರಸ್ತೆ ಅಗಲ ಮಾಡಿದ್ದೂ ಆಯಿತು, ಅದೂ ತುಂಬಿದ್ದಾಯಿತು.

ಇಂಚರ ಹೇಳಿದ್ದು ಇಷ್ಟೇ: ರಸ್ತೆ ಬಿಡಿ, ಆ ಬಾಯಿಗಳನ್ನು ಮುಚ್ಚಿ. ಗಾಡಿಯನ್ನೇ ನಂಬಿದ ವ್ಯಾಪಾರವೆಲ್ಲ ರಿಂಗ್ ರಸ್ತೆಯ ಆಚೆಗೆ ಹೋಗಲಿ, ಕಾಲ್ನಡಿಗೆಯಲ್ಲಿ ಬರುವವರ ಅಂಗಡಿಗಳು ಊರೊಳಗೆ ಇರಲಿ. ಆದರೆ ಯಾವುದು ಗಾಲಿ ವ್ಯಾಪಾರ, ಯಾವುದಲ್ಲ? ಕೇಳಿದರೆ ಟೈರಂಗಡಿಯವನೂ 'ನಮ್ಮಲ್ಲಿಗೆ ಎಲ್ಲಾ ನಡ್ಕೊಂಡೇ ಬರ್ತಾರೆ' ಎಂದ. ಅದಕ್ಕೇ ಹೆಜ್ಜೆಹಾಸು ಬಂತು. ಊರೊಳಗಿನ ಬೀದಿಗೂ ಫುಟ್‌ಪಾತಿಗೂ ಹಾಸಿದ ಕಲ್ಲುಬಿಲ್ಲೆಗಳ ಅಡಿಯಲ್ಲಿ ಕಾಗದದಷ್ಟು ತೆಳ್ಳಗಿನ ಹರಳಿನ ಪದರ. ಒತ್ತಡ ಬಿದ್ದರೆ ಅದರಲ್ಲಿ ಒಂದು ಸಣ್ಣ ವಿದ್ಯುತ್ ಮಿಡಿತ ಹುಟ್ಟುತ್ತದೆ. ಮನುಷ್ಯ ಮೊದಲು ಹಿಮ್ಮಡಿ ಊರುತ್ತಾನೆ, ಆಮೇಲೆ ಬೆರಳಿನಿಂದ ನೆಲವನ್ನು ಒದ್ದು ಮುಂದೆ ಹೋಗುತ್ತಾನೆ. ಹಾಗಾಗಿ ಹೆಜ್ಜೆಯ ಗೆರೆಯಲ್ಲಿ ಎರಡು ಗುಡ್ಡ, ನಡುವೆ ಒಂದು ತಗ್ಗು. ಗಾಲಿಯದು ಉದ್ದಕ್ಕೂ ಚಪ್ಪಟೆ. ನಡೆದವರು ಯಾರು ಎಂದು ಯಂತ್ರಕ್ಕೆ ಗೊತ್ತಾಗುವುದಿಲ್ಲ, ಗೊತ್ತಾಗಬೇಕಾಗಿಯೂ ಇಲ್ಲ. ಒಂದು ಬಾಗಿಲಿಗೆ ಹೆಜ್ಜೆಗಿಂತ ಗಾಲಿಯೇ ಹೆಚ್ಚು ಬಂದರೆ ಅದು ಗಾಲಿ ವ್ಯಾಪಾರ. ಚರ್ಚೆ ಮುಗಿಯಿತು.

ಮೊದಲು ಬೈದ ಜನ ಆಮೇಲೆ ನಡೆಯತೊಡಗಿದರು. ಶೆಡ್ಡು ಹೋದಲ್ಲಿ ಸೊಪ್ಪಿನ ಅಂಗಡಿ ಬಂತು, ಬಂಕು ಹೋದಲ್ಲಿ ಕಲ್ಲುಬೆಂಚು ಬಂತು. ಪೇಟೆ ಬೀದಿಯ ಉದ್ದಕ್ಕೂ ಫುಟ್‌ಪಾತ್ ಒಂದಾಯಿತು, ಒಂದು ಜಾಗ ಬಿಟ್ಟು. ಅದು ಬಯಲಾಂಜನೇಯನ ಗುಡಿಯ ಮುಂದಿನ ಅಂಗಳ. ಅಲ್ಲಿಗೆ ಬಿಲ್ಲೆ ಹಾಸಿ ಮುಗಿದದ್ದು ಹಿಂದಿನ ವಾರ. ಯಂತ್ರ ಒಂದು ವಾರ ನೋಡಿತು, ತೀರ್ಪು ಕೊಟ್ಟಿತು.

ತೀರ್ಪಿನಲ್ಲಿ ತಪ್ಪೇನೂ ಇರಲಿಲ್ಲ, ಅದೇ ಸಂಕಟ. ಬಯಲಾಂಜನೇಯ ವಾಹನ ಪೂಜೆಗೆ ಹೆಸರಾದ ದೇವರು. ಸುತ್ತ ಏಳು ಊರಿನಲ್ಲಿ ಯಾರು ಹೊಸ ಗಾಡಿ ಕೊಂಡರೂ ಗಾಲಿಯ ಕೆಳಗೆ ನಿಂಬೆಹಣ್ಣು ಇಡಿಸಿಕೊಳ್ಳಲು ಇಲ್ಲಿಗೇ ಬರಬೇಕು. ಡ್ರೈವರಿಲ್ಲದ ಕಾರು ಬಂದ ಮೇಲೆ ಗಾಡಿಯ ಯಜಮಾನರಿಗೆ ಆ ಕಷ್ಟವೂ ತಪ್ಪಿತು. ಫೋನಿನಲ್ಲಿ ಪೂಜೆ ಬರೆಸಿದರೆ ಸಾಕು, ಕಾರು ಶೋರೂಮಿನಿಂದ ಒಂದೇ ಹೊರಟು ಬಂದು ಸಾಲಿನಲ್ಲಿ ನಿಂತು, ಬಾನೆಟ್ಟಿಗೆ ಕುಂಕುಮ ಹಚ್ಚಿಸಿಕೊಂಡು, ಯಜಮಾನನ ಮನೆಗೆ ಹೋಗುತ್ತದೆ. ಒಂದು ನರಪಿಳ್ಳೆಯೂ ಗುಡಿಗೆ ಬರುವುದಿಲ್ಲ. ಸಾಲದ್ದಕ್ಕೆ ಆ ಕಾರುಗಳಿಗೆ ನಿಂಬೆಹಣ್ಣು ಅರ್ಥವಾಗುವುದಿಲ್ಲ. ಗಾಲಿಯ ಮುಂದೆ ಏನಿದ್ದರೂ ಅದು ಅಡ್ಡಿ, ಅಡ್ಡಿಯಿದ್ದರೆ ಮುಂದೆ ಹೋಗಬಾರದು ಎಂದು ಅವುಗಳಿಗೆ ಕಲಿಸಿದ್ದಾರೆ. ಹಣ್ಣು ನಜ್ಜಾಗದೆ ಪೂಜೆ ಮುಗಿಯುವುದಿಲ್ಲ ಎಂದು ಅರ್ಚಕರು, ಹಣ್ಣು ತೆಗೆಯದೆ ಚಲಿಸುವುದಿಲ್ಲ ಎಂದು ಕಾರು. ಇಬ್ಬರೂ ಹಟ ಹಿಡಿದು ನಿಂತರೆ ಹಿಂದಿನ ಸಾಲು ಪೂರಾ ಫುಟ್‌ಪಾತಿನ ಮೇಲೆ.

ಆ ಸಾಲಿನಿಂದಲೇ ಎರಡು ವರ್ಷದ ಹಿಂದೆ ಒಂದು ಕಾರು ಹಣ್ಣನ್ನು ತಪ್ಪಿಸಲು ಹೋಗಿ ಸರ್ರನೆ ಹಿಂದಕ್ಕೆ ಬಂದು, ಪಕ್ಕದಲ್ಲಿ ನಡೆದು ಹೋಗುತ್ತಿದ್ದ ಸುಷ್ಮಾ ಅವರನ್ನು ತಳ್ಳಿ ಬೀಳಿಸಿದ್ದು. ಸುಷ್ಮಾ ಅಂದರೆ ಇಂಚರಳ ಅತ್ತೆ, ಅರ್ಚಕ ಗುರುಪ್ರಸಾದ ಜೋಯಿಸರ ಹೆಂಡತಿ. ಮೂಳೆ ಮುರಿಯಲಿಲ್ಲ. ಆದರೆ ಅವತ್ತಿನಿಂದ ಆಕೆ ಹೊಸಿಲು ದಾಟಿಲ್ಲ.

* * *

"ಏನಮ್ಮಾ, ನಿನ್ನ ಯಂತ್ರಕ್ಕೆ ನಮ್ಮ ಹನುಮಂತ ಕಾರು ತೊಳೆಯೋನ ಥರ ಕಂಡ್ನಾ?" ಊಟಕ್ಕೆ ಕೂತ ಜೋಯಿಸರು ಮೊದಲ ತುತ್ತಿಗೇ ಶುರು ಮಾಡಿದರು. ಸುದ್ದಿ ಇಂಚರಳಿಗಿಂತ ಮೊದಲೇ ಮನೆ ತಲುಪಿತ್ತು.

"ಯಂತ್ರ ದೇವರನ್ನ ನೋಡಲ್ಲ ಮಾವ. ಬಾಗಿಲಿಗೆ ಏನು ಬಂತು ಅಂತ ನೋಡುತ್ತೆ."

"ಭಕ್ತರು ಬರ್ತಾರೆ."

"ಕಾರು ಬರುತ್ತೆ. ಖಾಲಿ ಕಾರು. ಮೊನ್ನೆ ನೀವು ಗೋತ್ರ ಕೇಳಿದ್ದಕ್ಕೆ ಒಂದು ಕಾರು ಚಾಸಿ ನಂಬರು ಹೇಳಿತಂತೆ."

"ಹೇಳ್ತಲ್ಲ! ಕೇಳಿದ್ದಕ್ಕೆ ಉತ್ತರ ಕೊಡ್ತು. ಈಗಿನ ಹುಡುಗರಿಗೆ ಅದೂ ಗೊತ್ತಿರಲ್ಲ. ಸಂಕಲ್ಪದಲ್ಲಿ ಅದನ್ನೇ ಸೇರಿಸಿದೆ."

ಇಂಚರ ಹಣೆ ಒತ್ತಿಕೊಂಡಳು. ಈ ಮನುಷ್ಯನೊಡನೆ ವಾದ ಮಾಡುವುದೂ ಒಂದೇ, ಗೋಡೆಗೆ ತಲೆ ಚಚ್ಚಿಕೊಳ್ಳುವುದೂ ಒಂದೇ. ಗಂಡ ಅನಿರುದ್ಧ ಪಾವಗಡದ ಸೋಲಾರ್ ಪಾರ್ಕಿನಲ್ಲಿ ಕೆಲಸ ಮಾಡುತ್ತ ವಾರಕ್ಕೊಮ್ಮೆ ಬಂದು, 'ಇಬ್ಬರದೂ ಸರಿ' ಎಂದು ಹೇಳಿ ಹೋಗುತ್ತಾನೆ. ಪುಣ್ಯಾತ್ಮ.

ಸುಷ್ಮಾ ಗೋಡೆ ಸವರಿಕೊಂಡು ಬಂದು ಸಾರಿನ ಪಾತ್ರೆ ಇಟ್ಟರು. ಸಕ್ಕರೆ ಕಾಯಿಲೆ ಆಕೆಯ ಕಣ್ಣು ತಿಂದುಹಾಕಿತ್ತು; ಬೆಳಕು ನೆರಳು ಬಿಟ್ಟರೆ ಹೆಚ್ಚೇನೂ ಕಾಣುತ್ತಿರಲಿಲ್ಲ. ದಿನಾ ನಡೆಯಿರಿ ಎಂದು ಡಾಕ್ಟರು ಹೇಳಿದ್ದಕ್ಕೆ ನಡುಮನೆಯಲ್ಲೇ ಕೋಲು ಹಿಡಿದು ಆಚೆಯಿಂದ ಈಚೆಗೆ ಓಡಾಡುತ್ತಿದ್ದರು.

"ಇಂಚರಾ, ಇವರಿಗೆ ಇನ್ನೊಂದು ಸೌಟು ಬೇಕಾ ಕೇಳು" ಎಂದರು. ಅವರು ಗಂಡನೊಡನೆ ಮಾತಾಡುವುದು ಹೀಗೆಯೇ, ಎರಡು ವರ್ಷದಿಂದ. ಬಿದ್ದ ಗಾಬರಿಯಲ್ಲಿ ಮನಸ್ಸು ಏನೋ ಆಗಿದೆ ಎಂದು ಇಂಚರ ಅಂದುಕೊಂಡಿದ್ದಳು.

"ಬೇಡ" ಎಂದರು ಜೋಯಿಸರು ಸೊಸೆಯ ಕಡೆ ತಿರುಗಿ.

"ಯಾಕೆ ಬೇಕಾಗುತ್ತೆ? ಇದೂ ಒಂದು ಸಾರಾ? ಬಣ್ಣದ ಬಿಸಿನೀರು. ಪ್ಯಾಕೆಟ್ಟಿನ ಪುಡಿ ಹಾಕಿದ್ರೆ ಇನ್ನೇನಾಗುತ್ತೆ?"

ಇದು ಮನೆಯ ನಿತ್ಯದ ಪಾಠ. ಸುಷ್ಮಾ ಅವರ ಸಾರಿನ ಪುಡಿಯನ್ನು ಬೀಸಬೇಕಾದದ್ದು ಪೇಟೆ ಬೀದಿಯ ಆ ತುದಿಯ ನಂಜಮ್ಮಣ್ಣಿಯ ಗಿರಣಿಯಲ್ಲಿ. ಅದೂ ಸುಮ್ಮನೆ ಅಲ್ಲ. ಎದುರಿಗೆ ನಿಂತು, ನಮಗಿಂತ ಮೊದಲು ಯಾರು ಏನು ಬೀಸಿಸಿದರು ಕೇಳಿ, ಒಂದು ಹಿಡಿ ಅಕ್ಕಿ ಹಾಕಿ ಕಲ್ಲು ತೊಳೆಸಿ, ಆಮೇಲೆ ಬೀಸಿಸಬೇಕು. ಒಮ್ಮೆ ಇಂಚರ ತಾನೇ ಹೋಗಿ ಬೀಸಿಸಿ ತಂದಿದ್ದಳು.

"ನಾನೇ ಇನ್ನೊಂದ್ಸಲ ಹೋಗ್ಬರ್ತೀನಿ ಅತ್ತೆ."

"ನೀನು ಹೋಗಿದ್ದು ಸಾಕು. ಯಾರದೋ ಅರಿಶಿನ ಬೀಸಿದ ಕಲ್ಲಲ್ಲಿ ಬೀಸಿಸ್ಕೊಂಡು ಬಂದೆ. ತಿಂಗಳು ಪೂರ್ತಿ ಸಾರು ಮದುವೆ ಹುಡುಗಿ ಥರ ಇತ್ತು."

"ಹಾಗಾದ್ರೆ ಗಾಡೀಲಿ ಕರ್ಕೊಂಡು ಹೋಗ್ತೀನಿ ಬನ್ನಿ."

"ನಾನೇನು ಮೂಟೆಯಾ, ಹೊತ್ಕೊಂಡು ಹೋಗಿ ಇಳಿಸೋಕೆ? ಕಾಲಿದೆ ನಂಗೆ. ನಡ್ಕೊಂಡು ಹೋದ್ರೆ ಹೋದೆ, ಇಲ್ಲಾಂದ್ರೆ ಇಲ್ಲ."

ಹೆಜ್ಜೆಹಾಸಿನ ನಡುವೆ ಕಣ್ಣು ಮಂಜಾದವರಿಗೆಂದು ಉಬ್ಬುಗೆರೆಯೊಂದನ್ನು ಕೊರೆಸಿದ್ದು ಇಂಚರಳೇ. ಕೋಲನ್ನು ಆ ಗೆರೆಗೆ ಕೊಟ್ಟು ನಡೆದರೆ ಮನೆಯಿಂದ ಗಿರಣಿಯವರೆಗೂ ಯಾರ ಹಂಗೂ ಬೇಡ. ಆ ಗೆರೆಯನ್ನು ಕೊರೆಸುವಾಗ ಅವಳ ಮನಸ್ಸಿನಲ್ಲಿ ಇದ್ದದ್ದು ಅತ್ತೆಯೊಬ್ಬರೇ. ಅದನ್ನು ಯಾರಿಗೂ ಹೇಳಿರಲಿಲ್ಲ. ಈಗ ಆ ಗೆರೆ ತುಂಡಾಗುತ್ತಿದ್ದದ್ದು ಇಡೀ ಬೀದಿಯಲ್ಲಿ ಒಂದೇ ಕಡೆ. ಆ ಒಂದು ಕಡೆ ಮಾವ ಆರತಿ ತಟ್ಟೆ ಹಿಡಿದು ನಿಂತಿದ್ದರು.

* * *

ಪುರಸಭೆಯ ಅಧ್ಯಕ್ಷರಿಗೆ ಚುನಾವಣೆ ಹತ್ತಿರವಿತ್ತು, ವಿನಾಯಿತಿ ಕೇಳಿದ ಜೋಯಿಸರ ಅರ್ಜಿಯೂ ಮುಂದಿತ್ತು. ಆಂಜನೇಯನನ್ನು ರಿಂಗ್ ರಸ್ತೆಗೆ ಓಡಿಸಿದವರು ಎನಿಸಿಕೊಳ್ಳಲು ಆಕೆಗೇನು ಹುಚ್ಚೆ? ಸಭೆಯಲ್ಲಿ ಒಂದೇ ಮಾತು ಹೇಳಿದರು: "ದೇವರ ಸ್ಥಳಗಳಿಗೆ ಗಾಲಿ ಕಾಯ್ದೆಯಿಂದ ವಿನಾಯಿತಿ. ಎಂಜಿನಿಯರ್ ಮೇಡಂ, ನಿಮ್ಮದೇನಾದ್ರೂ ಆಕ್ಷೇಪಣೆ ಇದೆಯಾ?"

ಗುಡಿಯನ್ನು ಕದಲಿಸುವುದು ಬೇಡ, ಗಾಡಿ ಪೂಜೆಯೊಂದನ್ನು ಆಚೆಗೆ ಕಳಿಸಿದರೆ ಸಾಕು ಎಂದು ಹೇಳಬಹುದಿತ್ತು. ಹೇಳಬೇಕಾಗಿತ್ತು. ಇಂಚರ ಎದುರಿನ ಸಾಲಿನಲ್ಲಿ ಶಲ್ಯ ಹೊದ್ದು ಕೂತ ಮಾವನನ್ನು ನೋಡಿದಳು. ರಾತ್ರಿ ಅದೇ ಮನೆಯಲ್ಲಿ ಅದೇ ಮುಖ ನೋಡಿಕೊಂಡು ಉಣ್ಣಬೇಕು. ಸಾಕಪ್ಪಾ ಸಾಕು, ಮನೆಯಲ್ಲಿ ಶಾಂತಿಯಾದರೂ ಇರಲಿ. "ಇಲ್ಲ" ಎಂದುಬಿಟ್ಟಳು.

ಮನೆಗೆ ಬಂದು ಅತ್ತೆಗೆ ವಿಷಯ ಹೇಳಿದಳು. "ಮನೇಲಿ ಜಗಳ ಬೇಡ ಅಂತ ಸುಮ್ಮನಾದೆ ಅತ್ತೆ. ನಿಮಗೂ ಹೊರಗೆ ಹೋಗೋಕೆ ಭಯ ಇದ್ದೇ ಇದೆ."

ಸುಷ್ಮಾ ಓಡಾಟ ನಿಲ್ಲಿಸಿದರು. "ಭಯ ಅಂತ ಯಾರು ಹೇಳಿದ್ದು ನಿಂಗೆ?"

"ಅಲ್ಲ, ಅವತ್ತು ಬಿದ್ದ ಮೇಲೆ..."

"ಬಿದ್ದೆ. ಯಾರು ಬೀಳಲ್ಲ? ಬಿದ್ದು ಅಲ್ಲೇ ಕೂತಿದ್ದೆ. ಮೊಣಕೈ ಕಿತ್ತುಹೋಗಿತ್ತು. 'ರೀ' ಅಂದೆ. ಇವರು 'ಬಂದೆ, ಒಂದು ನಿಮಿಷ' ಅಂದ್ರು. ಅಂದು ಮಂಗಳಾರತಿ ಮಾಡಿದ್ರು. ಗಂಟೆ ಸದ್ದು ಕೇಳಿಸ್ತಿತ್ತು. ಪೂರ್ತಿ ಮಾಡಿ, ತೀರ್ಥ ಹಾಕಿ, ಆಮೇಲೆ ಬಂದ್ರು. ಯಾರಿಗೆ ಮಂಗಳಾರತಿ? ಒಳಗೆ ಒಬ್ಬರೂ ಇಲ್ಲದ ಕಾರಿಗೆ! ನಲವತ್ತು ವರ್ಷ ಸಂಸಾರ ಮಾಡಿದೀನಿ ಕಣೇ. ಆ ಗುಡಿ ಮುಂದೆ ಆ ಗಾಡಿಗಳ ಹಿಂದೆ ಸರತಿ ನಿಲ್ಲೋಕೆ ನಂಗಾಗಲ್ಲ."

ಒಂದು ಮಾತಿನಲ್ಲಿ ಮುಗಿಸಬಹುದಾಗಿದ್ದ ಸಭೆಯಲ್ಲಿ ಬಾಯಿ ಮುಚ್ಚಿಕೊಂಡು ಬಂದಿದ್ದೆನಲ್ಲ ಎಂದು ಇಂಚರಳಿಗೆ ತನ್ನ ಮೇಲೆಯೇ ರೇಗಿತು.

* * *

ರೇಗುವುದಕ್ಕೆ ಇನ್ನೂ ಬಹಳ ಇತ್ತು. ಕಾಯ್ದೆ ಚಾಪೆ ಕೆಳಗೆ ತೂರಿದರೆ ನಮ್ಮ ಜನ ರಂಗೋಲಿ ಕೆಳಗೆ ತೂರುವವರು. ವಿನಾಯಿತಿಯ ಆದೇಶ ಬಂದ ವಾರದಲ್ಲೇ, ರಿಂಗ್ ರಸ್ತೆಗೆ ಹೋಗಿದ್ದ ಕಾರು ತೊಳೆಯುವ ತಿಪ್ಪೇಶ ಪೇಟೆ ಬೀದಿಯ ತನ್ನ ಹಳೆಯ ಜಾಗಕ್ಕೆ ಮರಳಿದ. ಸೊಪ್ಪಿನ ಅಂಗಡಿ ಎದ್ದುಹೋಯಿತು. ಫುಟ್‌ಪಾತಿಗೆ ಮತ್ತೆ ಎರಡು ಬಾಯಿ ಬಿದ್ದವು. ಮೇಲೆ ಬೋರ್ಡು: 'ಶ್ರೀ ಜಲಾಭಿಷೇಕ ವಾಹನ ಸೇವಾ ಕ್ಷೇತ್ರ'.

ಇಂಚರ ಅಲ್ಲಿಗೆ ನಡೆದುಕೊಂಡು ಹೋದಳು. ನೀರಿನ ಪೈಪು ಹಿಡಿದು ನಿಂತಿದ್ದ ತಿಪ್ಪೇಶನ ಹಣೆಯಲ್ಲಿ ಅಂಗೈಯಗಲ ಕುಂಕುಮವಿತ್ತು.

"ಏನ್ರೀ ಇದು ತಿಪ್ಪೇಶ್?"

"ಅಭಿಷೇಕ ಮೇಡಮ್ಮೋರೇ."

"ಶಾಂಪೂ ಹಾಕಿ ಅಭಿಷೇಕ ಮಾಡ್ತಾರೇನ್ರೀ?"

"ಭಕ್ತಿ ಇದ್ರೆ ಯಾವ್ದಾದ್ರೇನು? ನೋಡಿ, ಗಣಪ್ಪನ್ನ ಕೂರಿಸಿದೀನಿ. ಈಗ ಹೊಸದಾಗಿ ಕೂರಿಸಿದ್ದೂ ಅಲ್ಲ, ನಮ್ಮಪ್ಪನ ಕಾಲದಿಂದ ಗಲ್ಲಾಪೆಟ್ಟಿಗೆ ಮೇಲೆ ಇದ್ದೋನೇ. ಆವಾಗ ಬರೀ ಊದುಬತ್ತಿ ಹಚ್ತಿದ್ವಿ, ಈವಾಗ ಮಂಗಳಾರತಿ. ಜೋಯಿಸ್ರ ಗುಡಿಗೊಂದು ನ್ಯಾಯ, ನಮ್ಮ ಗಣಪ್ಪಂಗೊಂದು ನ್ಯಾಯನಾ?"

ಈ ಊರಿನಲ್ಲಿ ದೇವರ ಪಟವಿಲ್ಲದ ಅಂಗಡಿ ಎಲ್ಲಿದೆ? ಇದನ್ನು ವಿನಾಯಿತಿ ಬರೆಯುವಾಗ ಒಬ್ಬರಾದರೂ ಯೋಚಿಸಿದ್ದರೆ! ಟೈರಂಗಡಿ 'ಚಕ್ರೇಶ್ವರಿ ಸನ್ನಿಧಿ'ಯಾಗಿ ವಾಪಸು ಬಂತು. ಕಾರಿನ ಕಿಟಕಿಗೆ ಕಾಫಿ ಕೊಡುವವನು ಕಾಫಿಗೆ ಪ್ರಸಾದವೆಂದು ಹೆಸರಿಟ್ಟ, ಬಿಸ್ಕತ್ತು ಬೇಕಾದವರಿಗೆ ಮಹಾಪ್ರಸಾದ. ಚಾರ್ಜಿಂಗ್ ಬಂಕಿನವನಂತೂ 'ಅಖಂಡ ಜ್ಯೋತಿ' ಎಂದು ಬರೆಸಿಕೊಂಡ. ಪರದೆಯ ಮೇಲೆ ಪೇಟೆ ಬೀದಿಯ ತುಂಬ ಕೆಂಪು ಚೌಕಗಳು, ಒಂದೊಂದರ ಮೇಲೂ 'ವಿನಾಯಿತಿ' ಎಂಬ ಮುದ್ರೆ. ಎರಡು ಗುಡ್ಡದ ಗೆರೆಗಳು ಕಡಿಮೆಯಾದವು, ಚಪ್ಪಟೆ ಗೆರೆಗಳು ಹೆಚ್ಚಿದವು. ಶಾಲೆಗೆ ನಡೆದು ಹೋಗುತ್ತಿದ್ದ ಮಕ್ಕಳನ್ನು ತಾಯಂದಿರು ಮತ್ತೆ ಗಾಡಿ ಹತ್ತಿಸಿದರು.

"ಮೇಡಂ, ನಮ್ಮೂರು ಕಾಶಿ ಆಗೋಯ್ತು" ಎಂದ ಚಂದನ್.

"ಬಾಯ್ಮುಚ್ಕೊಂಡು ಕೆಲಸ ಮಾಡ್ರೀ."

ಇಷ್ಟರ ನಡುವೆ ಒಂದು ದಿನ ನಿಯಂತ್ರಣ ಕೊಠಡಿಯ ಬಾಗಿಲು ದಡಾರೆಂದು ತೆರೆದು ಜೋಯಿಸರು ಒಳಗೆ ಬಂದರು. ಸೊಸೆಯ ಕಚೇರಿಗೆ ಅವರು ಕಾಲಿಟ್ಟದ್ದು ಅದೇ ಮೊದಲು. ಬೀದಿಯ ಈ ತುದಿಯಿಂದ ಆ ತುದಿಗೂ ಸ್ಕೂಟರಿನಲ್ಲೇ ಓಡಾಡುವ ಅವರು ಅದನ್ನು ಮೆಟ್ಟಿಲ ಬುಡದಲ್ಲಿ ಅಡ್ಡ ನಿಲ್ಲಿಸಿ ಬಂದಿದ್ದರು.

"ಅವನು ಮಂತ್ರಾನ ರೆಕಾರ್ಡ್ ಮಾಡಿ ಹಾಕ್ತಿದಾನಮ್ಮ!"

"ಯಾರು ಮಾವ?"

"ಆ ತಿಪ್ಪೇಶ! ಕಾರು ತೊಳೆದು, ಒಣಗಿಸಿ, ಅಲ್ಲೇ ಪೂಜೆ. ಕಬ್ಬಿಣದ ಕೈಯೊಂದು ಬಂದು ನಿಂಬೆಹಣ್ಣು ಇಡುತ್ತೆ. ಕಾರಿಗೆ ಅದೇನೋ ಹೇಳಿಕೊಟ್ಟಿದಾನೆ, ನಿಂಬೆಹಣ್ಣಿನ ಮೇಲೆ ಹತ್ತಿಸ್ಕೊಂಡು ಹೋಗುತ್ತೆ. ಹತ್ತು ದಿನದಿಂದ ನನ್ನ ಹತ್ರ ಒಂದು ಗಾಡಿ ಬಂದಿಲ್ಲ. ಗುಡಿ ಬಣಗುಡ್ತಿದೆ. ಇದನ್ನ ನಿಲ್ಲಿಸೋಕಾಗಲ್ವಾ ನಿನ್ನ ಯಂತ್ರಕ್ಕೆ?"

ಇಂಚರಳಿಗೆ ನಗು ಬರಬೇಕಾಗಿತ್ತು, ಬಂದದ್ದು ಸಿಟ್ಟು. "ನಿಲ್ಲಿಸಿತ್ತು ಮಾವ. ದೇವಸ್ಥಾನಕ್ಕೆ ವಿನಾಯಿತಿ ಬೇಕು ಅಂದವರು ನೀವು. ಅದೇ ಬಾಗಿಲಲ್ಲಿ ಊರಿಗೆ ಊರೇ ನುಗ್ಗಿದೆ. ನಿಮ್ಮದು ಇರೋ ತನಕ ಅವನದನ್ನ ಮುಟ್ಟೋ ಹಾಗಿಲ್ಲ."

"ನಂದೂ ಅವನದೂ ಒಂದೇನಾ? ನಮ್ಮದು ಗುಡಿ!"

"ಬನ್ನಿ ಇಲ್ಲಿ."

ಅವಳು ಪರದೆಯಲ್ಲಿ ಗುಡಿಯ ಅಂಗಳವನ್ನು ದೊಡ್ಡದು ಮಾಡಿದಳು. ಬಿಲ್ಲೆ ಹಾಸಿದಂದಿನಿಂದ ಬಿದ್ದ ಗೆರೆಗಳೆಲ್ಲ ಒಂದರ ಕೆಳಗೊಂದು ಹರಡಿಕೊಂಡವು. ಹೆಚ್ಚುಕಡಿಮೆ ಎಲ್ಲವೂ ಚಪ್ಪಟೆ. ಕೊನೆಯಲ್ಲಿ ಅವೂ ನಿಂತು ಖಾಲಿ.

"ಇದರಲ್ಲಿ ಹೆಜ್ಜೆ ಎಲ್ಲಿದೆ ತೋರಿಸಿ. ಎರಡು ಗುಡ್ಡ ಇರಬೇಕು."

ಜೋಯಿಸರು ಕನ್ನಡಕ ಸರಿಮಾಡಿಕೊಂಡು ಬಗ್ಗಿ ನೋಡಿದರು. "ಶನಿವಾರ ನೋಡಮ್ಮ. ಶನಿವಾರ ಜನ ಬರ್ತಾರೆ."

"ಇದೇ ಶನಿವಾರ."

"ಬೆಳಿಗ್ಗೆ ನೋಡು."

"ಬೆಳಿಗ್ಗೇನೇ ಮಾವ. ಒಂದು ಜೊತೆ ಹೆಜ್ಜೆ ಬಂದಿದೆ, ಹೋಗಿದೆ, ಹೂವಿನವಳದ್ದಿರಬೇಕು. ಅಷ್ಟೇ. ಜನ ಬರೋದನ್ನ ಯಾವತ್ತೋ ಬಿಟ್ಟಿದಾರೆ. ಗಾಡಿ ಸಂದೀಲಿ ನುಸುಳಿ ಕೈ ಮುಗಿಯೋಕೆ ಯಾರು ಬರ್ತಾರೆ? ನಿಮಗದು ಕಾಣಲಿಲ್ಲ, ಸಾಲು ದೊಡ್ಡದಾಗೇ ಇತ್ತಲ್ಲ."

ಚಂದನ್ ಎದ್ದು ನೀರು ಕುಡಿಯುವ ನೆಪದಲ್ಲಿ ಹೊರಗೆ ಹೋದ. ಜೋಯಿಸರು ಪರದೆಯ ಮುಂದೆಯೇ ನಿಂತಿದ್ದರು. ಇಂಚರಳಿಗೆ ಸುಮ್ಮನಾಗಬೇಕೆನಿಸಿತು. ಹೋದ ಸಲ ಸುಮ್ಮನಾಗಿ ಆದದ್ದು ನೆನಪಾಗಿ ಹೇಳಿಯೇಬಿಟ್ಟಳು.

"ಅತ್ತೆಗೆ ಭಯ ಇಲ್ಲ ಮಾವ. ಅವರು ಬಿದ್ದಾಗ ನೀವು ಮಂಗಳಾರತಿ ಮುಗಿಸಿ ಬಂದ್ರಂತೆ. ಅದು."

"ಮುಹೂರ್ತ ಮೀರ್ತಿತ್ತಮ್ಮ..."

"ಯಾರದು?"

ಜೋಯಿಸರು ಶಲ್ಯ ಹೊದ್ದುಕೊಂಡು ಹೊರಟುಹೋದರು. ಅವರ ಮುಖ ಸಣ್ಣಗಾಗಿತ್ತು. ಇಂಚರಳಿಗೆ ಪಾಪ ಅನಿಸಿತು. ಅದರ ಹಿಂದೆಯೇ, ಮೆಟ್ಟಿಲಿಗೆ ಅಡ್ಡವಿದ್ದ ಸ್ಕೂಟರಿಗೆ ಯಾರೋ ಎಡವಿ ಬೈಯುವುದು ಕೇಳಿಸಿ ಮತ್ತೆ ರೇಗಿತು.

ಮುಂದಿನ ಸಭೆಯಲ್ಲಿ ಜೋಯಿಸರು ತಾವೇ ಎದ್ದು ನಿಂತರು. "ಬಯಲಾಂಜನೇಯನ ಗಾಡಿ ಪೂಜೆ ಗಾಲಿ ವ್ಯಾಪಾರವೇ. ಯಂತ್ರ ಹೇಳಿದ್ದು ಸರಿ. ನಮಗೆ ವಿನಾಯಿತಿ ಬೇಡ. ನಮಗೇ ಬೇಡ ಅಂದ ಮೇಲೆ ಶಾಂಪೂ ಹಾಕೋರಿಗೂ ಬೇಡ" ಎಂದರು. ತಿಪ್ಪೇಶನ ಕಡೆ ಒಂದು ನೋಟ ಬೀರಿ ಕೂತರು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರೆ. ಇಲ್ಲಿ ಪೂಜಾರಿ ಕೊಟ್ಟುಬಿಟ್ಟಿದ್ದ, ಹೊಟ್ಟೆಕಿಚ್ಚಿಗೋ ಇನ್ನೊಂದಕ್ಕೋ ಕೇಳುವವರು ಯಾರು? ಮಕ್ಕಳ ತಾಯಂದಿರ ಕೂಗಾಟದಿಂದ ಬೇಸತ್ತಿದ್ದ ಅಧ್ಯಕ್ಷರಿಗೂ ಅದೇ ಬೇಕಾಗಿತ್ತು. ವಿನಾಯಿತಿ ರದ್ದಾಯಿತು. ಒಂದೊಂದಾಗಿ ಬಾಯಿಗಳು ಮುಚ್ಚಿದವು. ಗಾಡಿಗಳ ಪೂಜೆ ರಿಂಗ್ ರಸ್ತೆಗೆ ಹೋಯಿತು. ತಿಪ್ಪೇಶ ಗಣಪ್ಪನನ್ನು ಎತ್ತಿಕೊಂಡು, ಇಂಚರಳನ್ನು ವಾಚಾಮಗೋಚರ ಬೈಯುತ್ತ ಗಂಟು ಕಟ್ಟಿದ.

ಗುಡಿಯ ಮುಂದೆ ಉಬ್ಬುಗೆರೆ ಮೊದಲ ಸಲ ಈಚೆಯಿಂದ ಆಚೆಗೆ ಖಾಲಿಯಾಗಿ ಕಂಡಿತು. ಇಂಚರ ಮನೆಯಲ್ಲಿ ಹೇಳಿದಳು. ಅತ್ತೆ ಕೇಳಿಸಿಕೊಂಡರು. ಮರುದಿನವೂ ನಡುಮನೆಯಲ್ಲೇ ಓಡಾಡಿದರು. ಅದರ ಮರುದಿನವೂ. ಇಷ್ಟೆಲ್ಲ ಮಾಡಿ ಇವರು ನಡುಮನೆಯಲ್ಲೇ ತಿರುಗುವುದಾದರೆ ನಾನು ಯಾವ ಪುರುಷಾರ್ಥಕ್ಕೆ ಊರಿನ ಬೈಗುಳ ತಿಂದೆ ಎಂದು ಇಂಚರ ಒಳಗೇ ಕುದಿದಳು.

* * *

"ಮೇಡಂ, ಪೇಟೆ ಬೀದೀಲಿ ಬಿಲ್ಲೆ ಕೆಟ್ಟಿರಬೇಕು" ಎಂದ ಚಂದನ್ ಒಂದು ಬೆಳಿಗ್ಗೆ. "ಮೂರು ಕಾಲಿಂದು ಏನೋ ಬ‌ರ್ತಿದೆ."

ಇಂಚರ ಅಸಡ್ಡೆಯಿಂದ ತಲೆಯೆತ್ತಿದಳು. ಎರಡು ಗುಡ್ಡ, ಎರಡು ಗುಡ್ಡ, ಪಕ್ಕದಲ್ಲಿ ಒಂದು ಸೂಜಿಮೊನೆ. ಮತ್ತೆ ಎರಡು ಗುಡ್ಡ, ಎರಡು ಗುಡ್ಡ, ಸೂಜಿಮೊನೆ. ಗೆರೆ ಶುರುವಾದದ್ದು ತನ್ನ ಮನೆಯ ಗೇಟಿನಿಂದ. ಕೈಯಲ್ಲಿದ್ದ ಲೋಟವನ್ನು ಅವಳು ಎಲ್ಲಿಟ್ಟಳೋ ಅವಳಿಗೇ ತಿಳಿಯಲಿಲ್ಲ.

"ಕೆಟ್ಟಿಲ್ಲ. ಏನೂ ಮುಟ್ಟಬೇಡಿ" ಎಂದಳು.

ಹೆಜ್ಜೆಗಳು ನಿಧಾನ, ಆದರೆ ತಡವರಿಕೆಯಿಲ್ಲ. ತಿಪ್ಪೇಶನ ಜಾಗ ದಾಟಿದವು. ಅಲ್ಲಿ ಮತ್ತೆ ಬಂದು ಕೂತಿದ್ದ ಸೊಪ್ಪಿನವಳ ಹತ್ತಿರ ಸ್ವಲ್ಪ ನಿಂತು, ಮುಂದೆ ಹೊರಟವು. ಗುಡಿಯ ಮುಂದೆ ಬಂದು ನಿಂತವು. ಒಳಗೆ ಹೋಗುತ್ತಾರೋ, ಹಿಂದೆ ತಿರುಗುತ್ತಾರೋ? ಎರಡೂ ಆಗಲಿಲ್ಲ. ಕೋಲು ಎರಡು ಸಲ ನೆಲ ತಟ್ಟಿತು, ಹೆಜ್ಜೆಗಳು ಗುಡಿಯನ್ನು ದಾಟಿ ನೆಟ್ಟಗೆ ಹೋದವು.

ಫೋನು ಬಡಿದುಕೊಂಡಿತು. ಜೋಯಿಸರು.

"ನಿಮ್ಮತ್ತೆ ಗುಡಿ ಮುಂದೆ ಹಾದು ಹೋದ್ಲಮ್ಮ! ಒಬ್ಬಳೇ! ನಾನು ಆರತಿ ತಟ್ಟೆ ಹಿಡ್ಕೊಂಡು ಬಾಗಿಲಿಗೆ ಬಂದ್ರೆ ತಿರುಗೂ ನೋಡಲಿಲ್ಲ. ಕಣ್ಣು ಕಾಣಲ್ಲ ಸರಿ, ನಾನಿಲ್ಲಿದೀನಿ ಅಂತ ಗೊತ್ತಿಲ್ವಾ ಅವಳಿಗೆ? ಕರೀಲಾ?"

"ಬೇಡ ಮಾವ."

"ಸ್ಕೂಟರ್ ತಗೊಂಡು ಹಿಂದೆ ಹೋಗ್ಲಾ?"

"ಅಯ್ಯೋ ರಾಮ! ನಿಮಗೆ ಕಾಲಿಲ್ವಾ? ನಡೀರಿ!"

ಮಾವನಿಗೆ ಹೀಗೆ ಗದರಿದ್ದು ಇಷ್ಟು ವರ್ಷದಲ್ಲಿ ಅದೇ ಮೊದಲು. ಆಮೇಲೆ ಪರದೆಯ ಮೇಲೆ, ಗುಡಿಯ ಹೊಸಿಲಿನಿಂದ, ಇನ್ನೊಂದು ಜೋಡಿ ಹೆಜ್ಜೆ ಹೊರಬಿತ್ತು. ಬರಿಗಾಲಿನದು, ಅವಸರದ್ದು. ಮುಂದಿನ ಹೆಜ್ಜೆಗಳ ಹತ್ತಿರ ಬರುತ್ತಿದ್ದಂತೆ ಅಳುಕಿ ನಿಧಾನವಾಯಿತು, ನಾಲ್ಕು ಮಾರು ಹಿಂದೆಯೇ ಉಳಿದು ನಡೆಯಿತು. ಜೋಯಿಸರು ಫೋನನ್ನು ಆರಿಸಲು ಮರೆತಿದ್ದರು. ಇಂಚರಳ ಕಿವಿಗೆ ಬೀದಿಯ ಸದ್ದು, ಅವರ ಏದುಸಿರು, ಮುಂದೆ ದೂರದಲ್ಲಿ ಕೋಲಿನ ಟಕ್ ಟಕ್ ಕೇಳಿಸುತ್ತಿತ್ತು. ಕೋಲು ನಿಂತಿತು.

"ಯಾರದು ಹಿಂದೆ?" ಅತ್ತೆಯ ದನಿ.

ಹಿಂದಿನ ಹೆಜ್ಜೆಗಳೂ ನಿಂತವು.

"ಯಾರು ಅಂತ ಕೇಳಿದ್ದು."

"ನಾನು" ಎಂದರು ಜೋಯಿಸರು.

"ಗಾಡಿ ಎಲ್ಲಿ?"

"ತಂದಿಲ್ಲ."

"ಗುಡಿ?"

"ತೆರೆದಿಟ್ಟೇ ಬಂದೆ. ಮಂಗಳಾರತಿ ಅರ್ಧ ಆಗಿತ್ತು."

ಪರದೆಯ ಮೇಲೆ ಎರಡು ಜೋಡಿ ಹೆಜ್ಜೆಗಳು ನಿಂತಲ್ಲೇ ನಿಂತಿದ್ದವು. ಚಂದನ್ ಏನೋ ಕೇಳಲು ಹೋದ, ಇಂಚರ ಕೈಯೆತ್ತಿ ತಡೆದಳು.

"ಬಂದೋರು ಸುಮ್ನೆ ಯಾಕೆ ಬರ್ತೀರಿ?" ಎಂದರು ಸುಷ್ಮಾ. "ಈ ಸಾರಿನ ಸಾಮಾನಿನ ಡಬ್ಬ ಹಿಡ್ಕೊಳ್ಳಿ, ಗಿರಣಿ ತನಕ. ಕೈ ಬಿದ್ದುಹೋಗ್ತಿದೆ."

ಪರದೆಯ ಮೇಲೆ ಹಿಂದಿನ ಜೋಡಿ ಮುಂದಿನದರ ಪಕ್ಕಕ್ಕೆ ಬಂದಿತು. ಮತ್ತೆ ನಡಿಗೆ ಶುರುವಾದಾಗ ಕೋಲಿದ್ದ ಜೋಡಿಯ ಗುಡ್ಡಗಳು ಡಬ್ಬದ ಭಾರದಷ್ಟು ತಗ್ಗಿದ್ದವು, ಪಕ್ಕದವು ಅಷ್ಟೇ ಎತ್ತರವಾಗಿದ್ದವು.